ತೊಕೈಡೊದ ಐವತ್ತಮೂರು ತಂಗುದಾಣಗಳು

'ತೊಕೈಡೊದ ಐವತ್ತಮೂರು ತಂಗುದಾಣಗಳು' ಜಪಾನಿನ ಚಿತ್ರಕಾರ ಉಟಗಾವ ಹಿರೋಶಿಗೆ (1797–1858) ರಚಿಸಿದ 55 ಮರದಚ್ಚು ಚಿತ್ರಗಳ ಮಾಲಿಕೆ. ಎಡೊ ನಗರದಿಂದ (ಇಂದಿನ ಟೋಕಿಯೊ) ಚಕ್ರವರ್ತಿಯ ರಾಜಧಾನಿಯಾಗಿದ್ದ ಕ್ಯೋಟೊಗೆ ಹೋಗುವ ಹೆದ್ದಾರಿಯ 53 ತಂಗುದಾಣಗಳಿಗೆ ಒಂದೊಂದು ಚಿತ್ರವಿದ್ದು, ಪಯಣ ಹೊರಡುವ ನಿಹೊನ್‌ಬಾಶಿ ಸೇತುವೆ ಮತ್ತು ಕೊನೆಗೊಳ್ಳುವ ಕ್ಯೋಟೊ ಇವುಗಳ ಚಿತ್ರಗಳು ಹೆಚ್ಚುವರಿಯಾಗಿ ಸೇರಿವೆ. 1833–34ರ ಸುಮಾರಿಗೆ ಹೊರಬಂದ ಮೊದಲ ಮಾಲಿಕೆಯನ್ನು ಅದರ ಪ್ರಕಾಶಕರ ಹೆಸರಿನಿಂದ 'ಹೊಯೆಯ್ಡೊ ಆವೃತ್ತಿ' ಎನ್ನುತ್ತಾರೆ. ಹಿರೋಶಿಗೆಗೆ ಭೂದೃಶ್ಯ ಚಿತ್ರಕಾರನೆಂಬ ಕೀರ್ತಿ ತಂದದ್ದು ಇದೇ.

ಹೆದ್ದಾರಿ

ತೊಕೈಡೊ ಎಂದರೆ 'ಪೂರ್ವ ಸಮುದ್ರದ ದಾರಿ'. ಇದರ ಉದ್ದ ಸುಮಾರು 500 ಕಿಲೋಮೀಟರ್. ನಡೆದು ಮುಗಿಸಲು ಎರಡು ವಾರಗಳಷ್ಟು ಕಾಲ ಬೇಕಾಗುತ್ತಿತ್ತು. 1601ರಲ್ಲಿ ತೊಕುಗಾವ ಇಯೆಯಾಸು ಇಲ್ಲಿ ತಂಗುದಾಣಗಳ ವ್ಯವಸ್ಥೆಯನ್ನು ಆರಂಭಿಸಿದನು. ಕುದುರೆ, ಹಮಾಲಿ, ಊಟ, ವಸತಿ ಅಲ್ಲಿ ದೊರೆಯುತ್ತಿದ್ದವು. ಪ್ರಾಂತೀಯ ಅರಸರು ಸರದಿಯಂತೆ ಎಡೊದಲ್ಲಿ ವಾಸಿಸಬೇಕೆಂಬ ಕಟ್ಟಳೆಯಿದ್ದುದರಿಂದ ಅವರ ಮೆರವಣಿಗೆಗಳು ಈ ದಾರಿಯಲ್ಲಿ ಸಾಗುತ್ತಿದ್ದವು. ಹಕೋನೆಯ ತಪಾಸಣಾ ಠಾಣೆಯಲ್ಲಿ ಎಡೊ ಬಿಟ್ಟು ಹೋಗುವ ಸ್ತ್ರೀಯರನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದರು. ಜನಸಾಮಾನ್ಯರ ಪ್ರಯಾಣಕ್ಕೂ ರಹದಾರಿ ಬೇಕಿತ್ತು. ಇಸೆ ಕ್ಷೇತ್ರದ ಯಾತ್ರೆ ಎಲ್ಲರಿಗೂ ಒದಗುವ ನೆಪವಾಗಿತ್ತು. ಹೋಗಿಬಂದವರಿಗೆ ನೆನಪಾಗಿಯೂ ಹೋಗಲಾರದವರಿಗೆ ಕಣ್ಣಿನ ಪ್ರಯಾಣವಾಗಿಯೂ ಈ ಅಗ್ಗದ ಚಿತ್ರಗಳು ಒದಗಿದವು.

ಕಂಡದ್ದು ಮತ್ತು ಕಲ್ಪಿಸಿದ್ದು

ಹಿರೋಶಿಗೆ ಎಡೊ ಕೋಟೆಯ ಅಗ್ನಿಶಾಮಕ ಅಧಿಕಾರಿಯ ಮನೆತನದವನು. 1832ರಲ್ಲಿ ಶೋಗನ್ ಚಕ್ರವರ್ತಿಗೆ ಕಾಣಿಕೆಯಾಗಿ ಕುದುರೆಗಳನ್ನು ಕಳುಹಿಸಿದಾಗ ಆ ತಂಡದೊಡನೆ ಅವನು ಈ ದಾರಿಯಲ್ಲಿ ಪಯಣಿಸಿದನೆಂಬುದು ರೂಢಿಯ ನಂಬಿಕೆ. ಕೆಲವು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಚಿತ್ರಗಳೂ ಈ ಸಂದೇಹಕ್ಕೆ ಎಡೆಮಾಡಿಕೊಡುತ್ತವೆ. ಮಾಲಿಕೆಯ ಅತ್ಯಂತ ಪ್ರಸಿದ್ಧ ಚಿತ್ರವಾದ 'ಕಂಬಾರ'ದಲ್ಲಿ ಇರುಳಿನ ದಟ್ಟ ಹಿಮದ ನಡುವೆ ಮೂವರು ಬೆನ್ನು ಬಾಗಿಸಿ ನಡೆಯುತ್ತಿದ್ದಾರೆ. ಕಂಬಾರವಾದರೋ ಬೆಚ್ಚಗಿನ ಕಡಲತೀರದ ಊರು, ಅಲ್ಲಿ ಅಷ್ಟು ಹಿಮ ಬೀಳುವುದು ಅಪರೂಪ. ಆದುದರಿಂದ ಇವನ್ನು ಸ್ಥಳಗಳ ನಿಖರ ದಾಖಲೆಯೆಂದು ಓದುವುದು ಸರಿಯಲ್ಲ. ದಾರಿಹೋಕನ ಮೈಗೆ ತಾಗುವ ಚಳಿ, ಮಳೆ, ದಣಿವುಗಳೇ ಇಲ್ಲಿನ ನಿಜವಾದ ವಸ್ತು. 'ಶೋನೊ' ಚಿತ್ರದಲ್ಲಿ ಓರೆಯಾಗಿ ಸುರಿಯುವ ಮಳೆ, ಗಾಳಿಗೆ ಬಾಗಿದ ಬಿದಿರುಮೆಳೆ, ಏರಿನಲ್ಲಿ ಓಡುವ ಪಲ್ಲಕ್ಕಿ ಹೊರುವವರು ಇದ್ದಾರೆ. 'ಮಾರಿಕೊ'ದಲ್ಲಿ ಇಬ್ಬರು ಪ್ರಯಾಣಿಕರು ತುರಿದ ಕಾಡುಗೆಣಸಿನ ಸಾರಿಗೆ ಹೆಸರಾದ ಅಂಗಡಿಯಲ್ಲಿ ಉಣ್ಣುತ್ತಿದ್ದಾರೆ. 'ಹಾರಾ'ದಲ್ಲಿ ಫ್ಯೂಜಿ ಶಿಖರವು ಚಿತ್ರದ ಚೌಕಟ್ಟನ್ನೇ ದಾಟಿ ನಿಂತಿದೆ.

ತಯಾರಿಕೆ

ಚಿತ್ರಕಾರ ತೆಳುಕಾಗದದ ಮೇಲೆ ರೇಖಾಚಿತ್ರ ಬರೆದುಕೊಡುತ್ತಿದ್ದನು. ಕೆತ್ತನೆಗಾರ ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುವಾಗ ಮೂಲಚಿತ್ರ ನಾಶವಾಗುತ್ತಿತ್ತು. ಪ್ರತಿಯೊಂದು ಬಣ್ಣಕ್ಕೂ ಬೇರೆ ಹಲಗೆ ಅಥವಾ ಹಲಗೆಯ ಬೇರೆ ಭಾಗ ಬೇಕಿತ್ತು. ಬಣ್ಣಗಳು ಸರಿಯಾದ ಜಾಗದಲ್ಲಿಯೇ ಕೂರುವಂತೆ ಹಲಗೆಯ ಅಂಚಿನಲ್ಲಿ 'ಕೆಂಟೊ' ಎಂಬ ಗುರುತುಗಳನ್ನು ಕೆತ್ತುತ್ತಿದ್ದರು. ಆಕಾಶ ಮತ್ತು ನೀರಿನ ಗಾಢವರ್ಣವು ಕ್ರಮೇಣ ತಿಳಿಯಾಗುವ 'ಬೊಕಾಶಿ' ಮುದ್ರಣಕಾರನ ಕೈಚಳಕ. ಹಲಗೆಯ ಮೇಲೆ ಬಣ್ಣವನ್ನು ಒರೆಸಿ ಅವನು ಇದನ್ನು ಸಾಧಿಸುತ್ತಿದ್ದನು. ಆದುದರಿಂದಲೇ ಒಂದೇ ಚಿತ್ರದ ಪ್ರತಿಗಳಲ್ಲಿ ವ್ಯತ್ಯಾಸ ಕಾಣುತ್ತದೆ: ಕಂಬಾರದ ಕೆಲವು ಪ್ರತಿಗಳಲ್ಲಿ ಆಕಾಶದ ಕತ್ತಲೆ ಮೇಲಿನಿಂದ ಇಳಿದರೆ, ಇನ್ನು ಕೆಲವುಗಳಲ್ಲಿ ಬೆಟ್ಟಗಳ ಹಿಂದಿನಿಂದ ಏರುತ್ತದೆ. ಯುರೋಪಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ ಬಣ್ಣ ಆಗ ತಾನೆ ಬಳಕೆಗೆ ಬಂದಿತ್ತು. ಮಾಲಿಕೆಯ ಕಡಲು, ಬಾನುಗಳ ಗಾಢ ನೀಲಿಗೆ ಅದೇ ಕಾರಣ.

ಇಷ್ಟು ಶ್ರಮ ವಹಿಸಿದ ಕುಶಲಕರ್ಮಿಗಳ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. 'ಗೊಯು' ಚಿತ್ರ ಇದಕ್ಕೆ ಅಪವಾದ. ಅದರಲ್ಲಿ ಛತ್ರದ ಹೆಂಗಸರು ದಾರಿಹೋಕರನ್ನು ಹಿಡಿದೆಳೆಯುತ್ತಿದ್ದರೆ, ಪಕ್ಕದ ಫಲಕಗಳಲ್ಲಿ ಕೆತ್ತನೆಗಾರ ಜಿರೊಬೆಯಿ ಮತ್ತು ಮುದ್ರಣಕಾರ ಹೆಯಿಬೆಯಿ ಎಂಬ ಹೆಸರುಗಳು ಚಿತ್ರಕಾರನ ಹೆಸರಿನೊಂದಿಗೇ ಕಾಣುತ್ತವೆ.

ನಂತರದ ಕಾಲ

ಜನಪ್ರಿಯತೆಯ ಫಲವಾಗಿ ಹಿರೋಶಿಗೆ ಬೇರೆ ಪ್ರಕಾಶಕರಿಗೂ ಹಲವು ತೊಕೈಡೊ ಮಾಲಿಕೆಗಳನ್ನು ರಚಿಸಿದನು. ಮುಂದೆ ಇವನ ಚಿತ್ರಗಳು ಯುರೋಪನ್ನು ತಲುಪಿದವು. 1887ರಲ್ಲಿ ವಿನ್ಸೆಂಟ್ ವ್ಯಾನ್ ಗೋ ತೈಲವರ್ಣದಲ್ಲಿ ನಕಲು ಮಾಡಿದ ಹಿರೋಶಿಗೆಯ ಎರಡು ಚಿತ್ರಗಳು ಮಾತ್ರ ಈ ಮಾಲಿಕೆಯವಲ್ಲ, 'ಎಡೊದ ನೂರು ಪ್ರಸಿದ್ಧ ದೃಶ್ಯಗಳು' ಎಂಬ ಮಾಲಿಕೆಯವು. 1889ರಲ್ಲಿ ತೊಕೈಡೊ ರೈಲುಮಾರ್ಗ ಪೂರ್ಣಗೊಂಡಿತು. 'ಯುಯಿ' ಚಿತ್ರದ ಸತ್ತಾ ಕಣಿವೆದಾರಿಯಿಂದ ಫ್ಯೂಜಿ ಮತ್ತು ಕಡಲು ಇಂದಿಗೂ ಕಾಣುತ್ತವೆ. ಕೆಳಗಿನ ಕಿರಿದಾದ ತೀರದಲ್ಲಿ ಈಗ ರೈಲು ಹಳಿಯೂ ವಾಹನಗಳ ಹೆದ್ದಾರಿಯೂ ಹಾದುಹೋಗಿವೆ. ಯುಯಿಯಲ್ಲಿ ಹಿರೋಶಿಗೆಯ ಚಿತ್ರಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವಿದೆ.