ಹಬ್ಬದ ಪೂಜೆಯಲ್ಲಿ ಅಜ್ಜಿಯ ದನಿ

ಬೆಂಗಳೂರಿನ ದಕ್ಷಿಣಕ್ಕಿರುವ ಜೆ.ಪಿ. ನಗರ ಹಳೆಯ ಊರೇನೂ ಅಲ್ಲ. ಜಯನಗರ ತಲೆಯೆತ್ತಿದ್ದು 1948ರಲ್ಲಿ. ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಈ ಬಡಾವಣೆ ಅದಕ್ಕೂ ಈಚಿನದು. ಮೊದಲು ಇಲ್ಲಿದ್ದುದು ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿಗಳ ಕೆರೆ, ಹೊಲ, ತೋಟಗಳು. ಕ್ರಿಸ್‌ಮಸ್ ಇರುಳಿನಲ್ಲಿ ಮೊಮ್ಮಗನ ತೋಳು ಹಿಡಿದು ಪೂಜೆಗೆ ಹೊರಡುವ ಎಂಬತ್ತೈದರ ಕಥೋಲಿಕ ಅಜ್ಜಿಯೊಬ್ಬಳು ತಾನಿರುವ ಬಡಾವಣೆಗಿಂತ ಹಿರಿಯಳು. ಅಷ್ಟೇ ಅಲ್ಲ, ಆಕೆ ಬಾಯಿಬಿಟ್ಟು ಉತ್ತರ ಹೇಳುವ ಕನ್ನಡ ಪೂಜೆಗಿಂತಲೂ ಹಿರಿಯಳು. ಈ ಎರಡನೆಯ ಮಾತು ಕೆಲವರಿಗೆ ಸೋಜಿಗವೆನಿಸೀತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕನ್ನಡ ನಾಡಿನ ಕಥೋಲಿಕರಿಗೆ ಕನ್ನಡದ ಪ್ರಾರ್ಥನೆ ಹೊಸದಲ್ಲ. ಹದಿನೇಳನೆಯ ಶತಮಾನದ ನಡುವೆ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆದು, ಕನ್ನಡದಲ್ಲಿಯೇ ಧರ್ಮವನ್ನು ಬೋಧಿಸಿದವರು. ಮನೆಯಲ್ಲಿ ಹೇಳುವ ಜಪ, ಮಕ್ಕಳಿಗೆ ಕಲಿಸುವ ಧರ್ಮೋಪದೇಶ, ಗುರುಗಳ ಪ್ರಸಂಗ, ಇವೆಲ್ಲ ದೇಶಭಾಷೆಯಲ್ಲಿ ನಡೆದುಬಂದವು. ಬಲಿಪೂಜೆ ಮಾತ್ರ ಲ್ಯಾಟಿನ್ನಿನಲ್ಲಿ. 1570ರಲ್ಲಿ ಐದನೆಯ ಪಯಸ್ ಪೋಪರು ಹೊರಡಿಸಿದ ಪೂಜಾಗ್ರಂಥವೇ, ಆಗಾಗಿನ ಸಣ್ಣಪುಟ್ಟ ತಿದ್ದುಪಡಿಗಳೊಡನೆ, ರೋಮಿನಲ್ಲಿ ಹೇಗೋ ಕನ್ನಡದ ಹಳ್ಳಿಯಲ್ಲಿಯೂ ಹಾಗೆಯೇ ನಡೆಯಿತು.

ಆ ಪೂಜೆಯಲ್ಲಿ ಹೆಂಗಸಿನ ಪಾಲೇನು? ಗುರುಗಳು ಪೀಠದ ಕಡೆಗೆ ಮುಖಮಾಡಿ ಮಂತ್ರ ಹೇಳುವರು; ಉತ್ತರ ಕೊಡುವುದು ಪರಿಚಾರಕ ಹುಡುಗನ ಕೆಲಸ; ಹಾಡುವುದು ಗಾಯಕವೃಂದದ ಕೆಲಸ. ಸೆರಗು ಹೊದ್ದು ಮಂಡಿಯೂರಿದ ತಾಯಂದಿರು ಬಹುಮಟ್ಟಿಗೆ ತಮ್ಮ ಪಾಡಿಗೆ ಜಪಮಾಲೆಯ ಮಣಿಗಳನ್ನು ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆಬಾಗುವರು, ಗೋದಲಿಯ ಮುಂದೆ ಬಾಲಯೇಸುವಿಗೆ ಕೈಮುಗಿಯುವರು. ಇದನ್ನು ಭಕ್ತಿಯಲ್ಲವೆಂದು ಯಾರೂ ಹೇಳಲಾರರು. ವೇದಮಂತ್ರದ ಅರ್ಥ ತಿಳಿಯದೆಯೂ ಮನಸ್ಸು ತುಂಬಿ ಬರುವ ಅನುಭವ ನಮ್ಮ ಮನೆಗಳ ಅಜ್ಜಿಯರಿಗೂ ಉಂಟಷ್ಟೆ. ಆದರೆ ಹತ್ತು ಹೆರಿಗೆಗೆ ನೆರವಾದ, ಊರಿಗೆಲ್ಲ ಬುದ್ಧಿ ಹೇಳಬಲ್ಲ ಹಿರಿಯಾಕೆಗೆ ಹಬ್ಬದ ಪೂಜೆಯಲ್ಲಿ ಆಡಲು ಒಂದು ಮಾತೂ ಇರಲಿಲ್ಲವೆಂಬುದು ನಿಜ.

ಪ್ರಾಟೆಸ್ಟಂಟರ ದಾರಿ ಬೇರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಸತ್ಯವೇದವನ್ನು ಕನ್ನಡಿಸತೊಡಗಿದರು. ಇಡಿಯ ಗ್ರಂಥ ಅಚ್ಚಾಗಿ ಮುಗಿದದ್ದು 1831ರ ಸುಮಾರಿಗೆ. ಓದಲು ಗ್ರಂಥವಿದ್ದರೆ ಸಾಲದು, ಓದಬಲ್ಲವರೂ ಬೇಕು. 1840ರ ದಶಕದ ಹೊತ್ತಿಗೆ ಬೆಂಗಳೂರು ಪೇಟೆಯಲ್ಲಿ ಅದೇ ಮಿಷನ್ನಿನವರು ಹೆಣ್ಣುಮಕ್ಕಳಿಗೆ ಶಾಲೆ ನಡೆಸತೊಡಗಿದ್ದರು. ಈ ಊರಿನಲ್ಲಿ ಐವತ್ತು ವರ್ಷ ದುಡಿದು 1887ರಲ್ಲಿ ತೀರಿಕೊಂಡ ಬೆಂಜಮಿನ್ ರೈಸರ ಹೆಸರು ಅವೆನ್ಯೂ ರಸ್ತೆಯ ದೇವಾಲಯದಲ್ಲಿ ಉಳಿದಿದೆ. ಶಾಸನಗಳನ್ನು ಬೆಳಕಿಗೆ ತಂದ ಲೂಯಿಸ್ ರೈಸ್ ಅವರ ಮಗ. ಕನ್ನಡ ಸಭೆಯ ಇನ್ನೊಂದು ಮಂದಿರ, ಹಡ್ಸನ್ ಸ್ಮಾರಕ ದೇವಾಲಯ, 1904ರದು. ಈ ಸಭೆಗಳ ಅಜ್ಜಿಯರು ಕನ್ನಡಕ ಮೂಗಿಗೇರಿಸಿ ಸತ್ಯವೇದ ಓದಿದವರು, ಪುಸ್ತಕ ಹಿಡಿದು ಕನ್ನಡದಲ್ಲಿ ಹಾಡಿದವರು. ಕಿಟೆಲ್ಲರನ್ನು ನಾವು ಪಂಡಿತರು 1894ರ ನಿಘಂಟಿನಿಂದ, 1875ರಲ್ಲಿ ಅಚ್ಚಾದ ನಾಗವರ್ಮನ ಛಂದಸ್ಸಿನಿಂದ ಬಲ್ಲೆವು. ಆದರೆ ಅದೇ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯೆಂದು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದ್ದರು. ನಿಘಂಟಿನ ಕೀರ್ತಿಯ ನೆರಳಿನಲ್ಲಿ ಈ ಪುಸ್ತಕ ಮರೆಯಾದದ್ದು ನನಗೆ ತುಸು ವ್ಯಸನದ ಸಂಗತಿ.

ಕಥೋಲಿಕ ಅಜ್ಜಿಗೆ ಇಂಥ ದಿನ ಬರಲು 1963ರ ತನಕ ಕಾಯಬೇಕಾಯಿತು. ಆ ವರ್ಷದ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಪೂಜೆಯಲ್ಲಿ ಜನರು ಅರಿತು ಪಾಲುಗೊಳ್ಳಬೇಕೆಂದೂ ಅದಕ್ಕಾಗಿ ದೇಶಭಾಷೆಗಳಿಗೆ ಎಡೆ ಕೊಡಬಹುದೆಂದೂ ನಿರ್ಣಯಿಸಿತು. 1965ರಿಂದ ಅದು ಜಾರಿಗೆ ಬರತೊಡಗಿತು. 1969ರಲ್ಲಿ ಹೊಸ ಪೂಜಾವಿಧಿಯೇ ಹೊರಟಿತು. 1965ರಲ್ಲಿ ನಮ್ಮ ಅಜ್ಜಿ ಇಪ್ಪತ್ತೈದರ ಆಸುಪಾಸಿನ ಗೃಹಿಣಿ. ಅಲ್ಲಿಯವರೆಗೆ ಕೇಳಿಸಿಕೊಂಡದ್ದಕ್ಕೆ ಇನ್ನು ಉತ್ತರ ಹೇಳಬೇಕು, ಅದೂ ಅಡುಗೆಮನೆಯಲ್ಲಿ ಆಡುವ ಭಾಷೆಯಲ್ಲಿ! ಬೆಂಗಳೂರಿನಲ್ಲಿಯೇ 1967ರಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವೊಂದು, ಅಮಲೋರ್ಪವದಾಸರ ನೇತೃತ್ವದಲ್ಲಿ, ಆರತಿ, ದೀಪ, ಹೂವುಗಳನ್ನು ಪೂಜೆಗೆ ಅಳವಡಿಸುವ ಪ್ರಯತ್ನ ಮಾಡಿತು. ಒಪ್ಪಿದವರೂ ಉಂಟು, ಮುನಿದವರೂ ಉಂಟು.

ದೇಶಭಾಷೆಯೆಂದರೆ ಯಾವುದು ಎಂಬ ಪ್ರಶ್ನೆ ಈ ಊರಿನಲ್ಲಿ ಸುಲಭದ್ದಾಗಿರಲಿಲ್ಲ. ದಂಡುಪ್ರದೇಶದಲ್ಲಿ ತಮಿಳು, ಇಂಗ್ಲಿಷುಗಳ ಬಲ ಹೆಚ್ಚು. ಪೂಜೆಯಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ಬೇಕೆಂದು ಕನ್ನಡ ಕಥೋಲಿಕರು ಮುಂದಿನ ದಶಕಗಳಲ್ಲಿ ಹೋರಾಡಬೇಕಾಯಿತು. ಲ್ಯಾಟಿನ್ ಇದ್ದಾಗ ಈ ಜಗಳವಿರಲಿಲ್ಲ. ಯಾರಿಗೂ ತಿಳಿಯದ ಭಾಷೆಯ ಮೇಲೆ ಯಾರು ತಾನೆ ಜಗಳವಾಡಿಯಾರು?

ಪೀಠದ ಬಳಿ ನಿಂತು ಗ್ರಂಥ ಓದುವ ಅನುಮತಿ ಸ್ತ್ರೀಯರಿಗೆ ಸಿಕ್ಕಿದ್ದು 1970ರ ಹೊತ್ತಿಗೆ. ಆದರೆ ವಾಚಕರೆಂಬ ವಿಧಿವತ್ತಾದ ಪದವಿ ಪುರುಷರದೇ ಆಗಿ ಉಳಿದು, 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ತಿದ್ದಿದ ಮೇಲಷ್ಟೇ ಹೆಂಗಸರಿಗೂ ತೆರೆಯಿತು. ಅಷ್ಟರಲ್ಲಿ ಅಜ್ಜಿಗೆ ಎಂಬತ್ತು ತುಂಬಿತ್ತು. ಈಗ ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳಲ್ಲಿ ಕನ್ನಡ ಅಕ್ಷರ ಓದಲಾರದವರಿದ್ದಾರೆ; ಅಜ್ಜಿ ಗಟ್ಟಿಯಾಗಿ ಹೇಳುವ ಉತ್ತರವನ್ನು ಅವರು ತುಟಿಯಾಡಿಸಿ ಹಿಂಬಾಲಿಸುತ್ತಾರೆ. ಮೇಷ್ಟರ ಕಣ್ಣಿಗೆ ಇದು ಬೀಳದೆ ಇರುವುದಿಲ್ಲ.

ಕ್ರಿಸ್ತಜನನದ ಕಥೆಯಲ್ಲಿಯೂ ಒಬ್ಬ ಅಜ್ಜಿಯಿದ್ದಾಳೆ. ಕೂಸನ್ನು ಜೆರೂಸಲೇಮಿನ ದೇವಾಲಯಕ್ಕೆ ತಂದಾಗ ಅಲ್ಲಿ ಇಬ್ಬರು ಇದ್ದರೆಂದು ಲೂಕನು ಬರೆಯುತ್ತಾನೆ: ಸಿಮೆಯೋನ, ಮತ್ತು ಎಂಬತ್ತನಾಲ್ಕರ ವಿಧವೆ ಅನ್ನಳು. ಸಿಮೆಯೋನನ ಮಾತುಗಳನ್ನು ಲೂಕನು ಪೂರ್ತಿಯಾಗಿ ಬರೆದಿಟ್ಟಿದ್ದಾನೆ. ಅನ್ನಳು ದೇವರನ್ನು ಕೊಂಡಾಡಿ ಎಲ್ಲರೊಡನೆ ಕೂಸಿನ ವಿಷಯ ಮಾತಾಡಿದಳೆಂದು ಹೇಳುತ್ತಾನೆ, ಅವಳ ಒಂದು ಮಾತನ್ನೂ ಕೊಡುವುದಿಲ್ಲ. ಕ್ರಿಸ್‌ಮಸ್ ಕಳೆದು ನಲವತ್ತನೆಯ ದಿನ, ಫೆಬ್ರವರಿ 2ರಂದು, ಮೇಣದ ಬತ್ತಿಗಳನ್ನು ಹರಸಿ ಹಚ್ಚುವ ಹಬ್ಬದ ಪೂಜೆಯಲ್ಲಿ ಈ ಭಾಗವನ್ನು ಓದುತ್ತಾರೆ.