ಗ್ಲೂಕೋಸ್ ಬಾಟಲಿ, ವಿಟಮಿನ್ ಡ್ರಿಪ್: ಶಕ್ತಿ ಎಷ್ಟು, ಅಪಾಯ ಎಷ್ಟು?

ಚಳ್ಳಕೆರೆ: ಬಿರುಬಿಸಿಲಿಗೆ ಹೆಸರಾದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಶೇಂಗಾ ಹೊಲದ ಕೂಲಿಕಾರರಿಗಾಗಲಿ, ರೇಷ್ಮೆ ಸೀರೆಯ ನೇಕಾರರಿಗಾಗಲಿ ಸುಸ್ತು ಹೊಸದಲ್ಲ. ‘ಒಂದು ಬಾಟಲಿ ಹಾಕಿಸಿಕೊಂಡರೆ ಸರಿಹೋಗುತ್ತದೆ’ ಎಂಬ ನಂಬಿಕೆಯೂ ಹಳ್ಳಿಗಾಡಿನಲ್ಲಿ ಹೊಸದಲ್ಲ. ಬಾಟಲಿಗೆ ಹಳದಿ ಬಣ್ಣದ ವಿಟಮಿನ್ ಬೆರೆತರಂತೂ ಆ ನಂಬಿಕೆ ಇಮ್ಮಡಿಸುತ್ತದೆ. ಇದೇ ಚಿಕಿತ್ಸೆ ಮಹಾನಗರಗಳಲ್ಲಿ ಚರ್ಮದ ಕಾಂತಿ, ರೋಗನಿರೋಧಕ ಶಕ್ತಿಯ ಭರವಸೆಯೊಂದಿಗೆ ‘ಐ.ವಿ. ಡ್ರಿಪ್’ ಹೆಸರಿನಲ್ಲಿ ಮಾರಾಟವಾಗುತ್ತಿದೆ.

ಬಾಟಲಿಯಲ್ಲಿ ಏನಿದೆ?

ಶೇ 5ರ ಡೆಕ್ಸ್‌ಟ್ರೋಸ್ ದ್ರಾವಣದ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ದೊಡ್ಡ ಲೋಟ ಬೆಲ್ಲದ ಪಾನಕದಲ್ಲಿಯೂ ಇಷ್ಟು ದೊರೆಯುತ್ತದೆ. ಹಳದಿ ಬಣ್ಣಕ್ಕೆ ಕಾರಣ ರೈಬೋಫ್ಲೇವಿನ್ (ಬಿ2). ಬಿ ಗುಂಪಿನ ವಿಟಮಿನ್‌ಗಳು ಹಾಗೂ ಸಿ ವಿಟಮಿನ್ ನೀರಿನಲ್ಲಿ ಕರಗುವಂಥವು. ಕೊರತೆ ಇಲ್ಲದವರಲ್ಲಿ ಹೆಚ್ಚುವರಿ ಪ್ರಮಾಣ ಬಹುತೇಕ ಮೂತ್ರದ ಮೂಲಕ ಹೊರಹೋಗುತ್ತದೆ.

ಯಾರಿಗೆ ಅಗತ್ಯ?

ಕರುಳಿನ ತೀವ್ರ ಕಾಯಿಲೆಯಿಂದ ಆಹಾರ ಹೀರಿಕೊಳ್ಳಲಾಗದವರಿಗೆ, ಮದ್ಯವ್ಯಸನದಿಂದ ಥಯಮಿನ್ (ಬಿ1) ಕುಸಿದು ಮಿದುಳಿಗೆ ತೊಂದರೆಯಾದವರಿಗೆ ರಕ್ತನಾಳದ ಮೂಲಕ ವಿಟಮಿನ್ ನೀಡುವುದು ಜೀವರಕ್ಷಕ. ಬಿ12 ಕೊರತೆಗೆ ಸಾಮಾನ್ಯವಾಗಿ ಸ್ನಾಯುವಿಗೆ ನೀಡುವ ಚುಚ್ಚುಮದ್ದು ಅಥವಾ ಮಾತ್ರೆ ಸಾಕು. ಆರೋಗ್ಯವಂತರ ಆಯಾಸವನ್ನು ಡ್ರಿಪ್ ನೀಗಿಸುತ್ತದೆ ಎನ್ನಲು ದೃಢವಾದ ಪುರಾವೆಗಳಿಲ್ಲ.

ಅಪಾಯಗಳು

ಶುಚಿತ್ವ ತಪ್ಪಿದರೆ ಸೋಂಕು ನೇರವಾಗಿ ರಕ್ತಕ್ಕೆ ಸೇರುತ್ತದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಹಾಗೂ ಎಚ್‌ಐವಿ ಹರಡಬಹುದು. ಹೃದಯ ಮತ್ತು ಮೂತ್ರಪಿಂಡದ ರೋಗಿಗಳಿಗೆ ದ್ರವದ ಹೊರೆಯೇ ಮಾರಕವಾಗಬಹುದು. ಮಧುಮೇಹಿಗಳಲ್ಲಿ ಸಕ್ಕರೆ ಏರುತ್ತದೆ. ಅಪರೂಪಕ್ಕೆ ಥಯಮಿನ್‌ನಿಂದ ತೀವ್ರ ಅಲರ್ಜಿ ಉಂಟಾಗಿ ಪ್ರಾಣಾಪಾಯವೂ ಎದುರಾಗಬಹುದು.

ದ್ರಾವಣದ ಗುಣಮಟ್ಟವೂ ಅಷ್ಟೇ ಮುಖ್ಯ. ಮೊಳಕಾಲ್ಮೂರಿಗೆ ಹೊಂದಿಕೊಂಡಿರುವ ಬಳ್ಳಾರಿ ಜಿಲ್ಲೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಸರಣಿಯಾಗಿ ಮೃತಪಟ್ಟಾಗ, ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು.

ಕಾನೂನು ಏನು ಹೇಳುತ್ತದೆ?

ದ್ರಾವಣ ಹಾಗೂ ಚುಚ್ಚುಮದ್ದುಗಳ ತಯಾರಿಕೆ, ಮಾರಾಟ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆಯುವುದು ಕಡ್ಡಾಯ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ₹5 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸುಸ್ತಿನ ಹಿಂದೆ ರಕ್ತಹೀನತೆ, ಮಧುಮೇಹ, ಕ್ಷಯ ಅಡಗಿರಬಹುದು. ಬಾಟಲಿ ನೀಡುವ ತಾತ್ಕಾಲಿಕ ಚೇತರಿಕೆ ಅವುಗಳನ್ನು ಮರೆಮಾಚುತ್ತದೆ. ಕೂಲಿಯ ಹಣವೂ ಕರಗುತ್ತದೆ. ಬಾಯಿಂದ ಕುಡಿಯಬಲ್ಲವರ ಸಾಧಾರಣ ನಿರ್ಜಲೀಕರಣಕ್ಕೆ ಓಆರ್‌ಎಸ್ ಸಾಕು. ಸುಸ್ತು ಮುಂದುವರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿಯಾದ ಮಾರ್ಗ.