ಪಾಸ್‌ಪೋರ್ಟ್ ಅಳತೆಯ ಕ್ಯಾಮೆರಾ

1993ರ ಜುಲೈ ತಿಂಗಳಲ್ಲಿ ನನ್ನ ಅಜ್ಜ ಮಸ್ಕತ್ತಿನಲ್ಲಿದ್ದ ಚಿಕ್ಕಪ್ಪನಿಗೆ ಬರೆದ ಕಾಗದವೊಂದು ಈಗ ನನ್ನ ಬಳಿ ಇದೆ. ಏರೋಗ್ರಾಮಿನ ನೀಲಿ ಹಾಳೆ, ಮಡಿಕೆಯ ಜಾಗದಲ್ಲಿ ಹರಿದಿದೆ. ಮಳೆ ಹೇಗಿದೆ, ನೇಜಿ ನೆಟ್ಟು ಮುಗಿಯಿತು, ಅಜ್ಜಿಯ ಮಂಡಿನೋವು ಹಾಗೇ ಇದೆ ಎಂದೆಲ್ಲ ಬರೆದ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಎರಡು ಸಾಲು: ವಿಡಿಯೋ ಕ್ಯಾಮೆರಾ ತರುವುದಾದರೆ ನಮ್ಮ ವಿಸಿಆರಿಗೆ ಕ್ಯಾಸೆಟ್ ಹಿಡಿಸುವಂಥದ್ದೇ ತಾ, ಬೇರೆ ತಂದರೆ ನೀನು ಹೋದ ಮೇಲೆ ನಾವು ನೋಡುವುದು ಹೇಗೆ.

ಚಿಕ್ಕಪ್ಪ ಬೇರೆಯದನ್ನೇ ತಂದರು. ಎಂಟು ಮಿಲಿಮೀಟರಿನ ಸಣ್ಣ ಕ್ಯಾಸೆಟ್ಟಿನ, ಒಂದು ಕೈಯಲ್ಲಿ ಹಿಡಿಯುವ ಕ್ಯಾಮೆರಾ. ಆ ಆಗಸ್ಟಿನಲ್ಲಿ ಮನೆಯವರೆಲ್ಲ ಕೊಲ್ಲೂರು, ಜೋಗ, ಇಕ್ಕೇರಿ, ಕೆಳದಿ ಎಂದು ಮೂರು ದಿನ ಸುತ್ತಿದರು. ಊರಿಗೆ ಬಂದು ಕ್ಯಾಮೆರಾವನ್ನೇ ವೈರಿನಿಂದ ಟಿವಿಗೆ ಜೋಡಿಸಿ ಒಂದು ಸಲ ನೋಡಿದರು. ‘ದೊಡ್ಡ ಕ್ಯಾಸೆಟ್ಟಿಗೆ ಕಾಪಿ ಮಾಡಿಕೊಡ್ತೇನೆ’ ಎಂದಿದ್ದ ಚಿಕ್ಕಪ್ಪ ಅದನ್ನು ಮಾಡದೆಯೇ ಕ್ಯಾಮೆರಾ ಸಮೇತ ಮಸ್ಕತ್ತಿಗೆ ಮರಳಿದರು. ಕ್ಯಾಸೆಟ್ ಮಾತ್ರ ನಮ್ಮ ಮನೆಯ ಗೋದ್ರೇಜಿನಲ್ಲಿ ಉಳಿಯಿತು. 1995ರಲ್ಲಿ ಅಜ್ಜ ಹೋದರು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

ಕೌಟುಂಬಿಕ ಛಾಯಾಚಿತ್ರಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವವಳಿಗೆ ಸ್ವಂತ ಮನೆಯ ಗೋದ್ರೇಜು ನೆನಪಾಗಲು ಮೂರು ವರ್ಷ ಬೇಕಾಯಿತು ಎಂಬುದು ನಾಚಿಕೆಯ ಸಂಗತಿಯೇ. ಆದರೆ ಕಾಗದ ಸಿಕ್ಕಿದ ಮೇಲೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಪ್ರವಾಸಕ್ಕೆ ಯಾವ ಕ್ಯಾಮೆರಾ ಎಂಬ ಅಂಗಡಿಯ ಮುಂದಿನ ಗೊಂದಲಕ್ಕೆ ಒಂದು ಚರಿತ್ರೆ ಇದೆಯೇ?

ಇದೆ, ಅದೂ ನೂರು ವರ್ಷದ್ದು. ಫ್ರಾನ್ಸಿನ ಪಾಥೆ ಕಂಪನಿ 1922ರ ಕೊನೆಗೆ ‘ಪಾಥೆ ಬೇಬಿ’ ಎಂಬ ಪುಟ್ಟ ಪ್ರೊಜೆಕ್ಟರನ್ನೂ ಮರುವರ್ಷ ಅದಕ್ಕೆ ಹೊಂದುವ, ಕೈಯಿಂದ ತಿರುಗಿಸುವ ಕ್ಯಾಮೆರಾವನ್ನೂ ತಂದಿತು. ಫಿಲಂ 9.5 ಮಿಲಿಮೀಟರ್ ಅಗಲ. 1923ರಲ್ಲೇ ಅಮೆರಿಕದ ಕೊಡಾಕ್ 16 ಮಿಲಿಮೀಟರಿನ ಸಿನೆ-ಕೊಡಾಕ್ ತಂದಿತು. ಕ್ಯಾಮೆರಾ, ಪ್ರೊಜೆಕ್ಟರ್, ಪರದೆ, ಸ್ಟ್ಯಾಂಡು ಎಲ್ಲ ಸೇರಿ 335 ಡಾಲರ್. ಶ್ರೀಮಂತರ ಆಟಿಕೆ. 1932ರಲ್ಲಿ ಕೊಡಾಕ್ ಒಂದು ಜಾಣ ಉಪಾಯ ಹೂಡಿತು. ಅದೇ 16 ಮಿಲಿಮೀಟರಿನ ಫಿಲಮ್ಮನ್ನು ಮೊದಲು ಒಂದು ಅರ್ಧಕ್ಕೆ, ತಿರುವಿ ಹಾಕಿ ಇನ್ನೊಂದು ಅರ್ಧಕ್ಕೆ ಚಿತ್ರಿಸಿ, ತೊಳೆದ ಮೇಲೆ ನಡುವೆ ಸೀಳಿ ಅಂಟಿಸುವುದು. ಹೀಗೆ 8 ಮಿಲಿಮೀಟರ್ ಬಂತು, ಕ್ಯಾಮೆರಾದ ಬೆಲೆ 29.50 ಡಾಲರಿಗೆ ಇಳಿಯಿತು. 1965ರ ಸೂಪರ್ 8 ಬಂದಾಗ ಫಿಲಂ ಪೋಣಿಸುವ ಕಷ್ಟವೂ ಹೋಯಿತು, ಕಾರ್ಟ್ರಿಜ್ ತುರುಕಿದರೆ ಸಾಕು. ಆದರೆ ಒಂದು ಕಾರ್ಟ್ರಿಜ್ಜಿನಲ್ಲಿ ಐವತ್ತು ಅಡಿ ಫಿಲಂ, ಅಂದರೆ 3 ನಿಮಿಷ 20 ಸೆಕೆಂಡು. ಇಡೀ ರಜೆಯನ್ನು ನಾಲ್ಕೈದು ಕಾರ್ಟ್ರಿಜ್ಜಿನಲ್ಲಿ ಮುಗಿಸಬೇಕು. ಹಾಗಾಗಿ ಸೂಪರ್ 8 ಕಾಲದ ಮನೆಚಿತ್ರಗಳಲ್ಲಿ ಎಲ್ಲರೂ ಕೈ ಬೀಸುತ್ತಾರೆ, ನಗುತ್ತಾರೆ, ನೀರಿಗೆ ಹಾರುತ್ತಾರೆ. ಸುಮ್ಮನೆ ಕೂತವರು ಕಡಿಮೆ. ಬಹುಪಾಲು ಚಿತ್ರಗಳಲ್ಲಿ ಮಾತೂ ಇಲ್ಲ. ಸೆಕೆಂಡಿಗೆ ಲೆಕ್ಕ ಹಾಕುವವನು ಸುಮ್ಮನಿರುವುದನ್ನು ಯಾಕೆ ಹಿಡಿದಾನು?

ವಿಡಿಯೋ ಟೇಪು ಈ ಲೆಕ್ಕವನ್ನೇ ಬದಲಿಸಿತು, ಆದರೆ ಬೆನ್ನು ಮುರಿಯಿತು. ಮೊದಮೊದಲು ಕ್ಯಾಮೆರಾ ಒಂದು ಕೈಯಲ್ಲಿ, ರೆಕಾರ್ಡರು ಹೆಗಲಿನ ಪಟ್ಟಿಯಲ್ಲಿ, ನಡುವೆ ವೈರು. ಎರಡನ್ನೂ ಒಂದೇ ಡಬ್ಬಿಗೆ ಸೇರಿಸಿ ಮನೆಬಳಕೆಗೆ ಬಂದ ಮೊದಲನೆಯದು ಸೋನಿಯ 1983ರ ಬೀಟಾಮೂವಿ. ಸುಮಾರು ಎರಡೂವರೆ ಕಿಲೋ ತೂಕ, ಭುಜದ ಮೇಲಿಟ್ಟೇ ಹಿಡಿಯಬೇಕು. ರೆಕಾರ್ಡ್ ಮಾಡುತ್ತಿತ್ತು, ಆದರೆ ಮಾಡಿದ್ದನ್ನು ಅದರಲ್ಲೇ ನೋಡುವಂತಿರಲಿಲ್ಲ. 1984ರಲ್ಲಿ ಜೆವಿಸಿ ಸಣ್ಣ ಕ್ಯಾಸೆಟ್ಟಿನ ವಿಎಚ್‌ಎಸ್-ಸಿ ಕ್ಯಾಮೆರಾ ತಂದಿತು. ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಲ್ಲಿ ಹುಡುಗನ ಕೈಯಲ್ಲಿರುವುದು ಅದೇ. ಅದರ ಕ್ಯಾಸೆಟ್ಟನ್ನು ಒಂದು ಅಡಾಪ್ಟರಿನೊಳಗೆ ಕೂರಿಸಿದರೆ ಮನೆಯ ಸಾಮಾನ್ಯ ವಿಸಿಆರಿನಲ್ಲೇ ಓಡುತ್ತಿತ್ತು. ಅಜ್ಜ ಕೇಳಿದ್ದು ಈ ಜಾತಿಯದನ್ನು. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದವರು ಯಾರೋ ಹೇಳಿರಬೇಕು.

ಇನ್ನೊಂದು ದಾರಿ, ನೂರಕ್ಕೂ ಹೆಚ್ಚು ಕಂಪನಿಗಳು ಒಪ್ಪಿಕೊಂಡಿದ್ದ 8 ಮಿಲಿಮೀಟರಿನ ವಿಡಿಯೋ ಟೇಪು. ಆಡಿಯೋ ಕ್ಯಾಸೆಟ್ಟಿನಷ್ಟೇ ಗಾತ್ರ, ನಮ್ಮ ಕಡೆಯ ಪದ್ಧತಿಯಲ್ಲಿ ತೊಂಬತ್ತು ನಿಮಿಷ. ವಿಎಚ್‌ಎಸ್-ಸಿ ಕ್ಯಾಸೆಟ್ಟಿನಲ್ಲಿ ಆಗ ಸಾಮಾನ್ಯವಾಗಿ ಮೂವತ್ತು. ಆದರೆ ಎಂಟರ ಕ್ಯಾಸೆಟ್ ಯಾರ ಮನೆಯ ವಿಸಿಆರಿಗೂ ಹಿಡಿಸುವುದಿಲ್ಲ, ಕ್ಯಾಮೆರಾವೇ ಪ್ಲೇಯರು. ಕ್ಯಾಮೆರಾ ಸತ್ತರೆ ಕ್ಯಾಸೆಟ್ಟೂ ಮೂಕ. ಈಗ ನೋಡಿದರೆ ಅಜ್ಜನ ಎರಡು ಸಾಲಿನಲ್ಲಿ ಇಡೀ ವಾದ ಇತ್ತು.

ಹಾಗಿದ್ದೂ ಎಂಟು ಮಿಲಿಮೀಟರು ಜನರ ಕೈ ಸೇರಿದ್ದು ಹೇಗೆ? ಇದಕ್ಕೆ ಜಪಾನಿಗೆ ಹೋಗಬೇಕು. ಎರಡನೆಯ ಮಹಾಯುದ್ಧದ ನಂತರ ಸಾಮಾನ್ಯ ಜಪಾನೀಯರಿಗೆ ಬರೀ ಸುತ್ತಾಟಕ್ಕೆಂದು ವಿದೇಶಕ್ಕೆ ಹೋಗಲು ಅನುಮತಿ ಸಿಕ್ಕಿದ್ದೇ 1964ರಲ್ಲಿ. 1985ರ ಪ್ಲಾಜಾ ಒಪ್ಪಂದದ ಬಳಿಕ ಯೆನ್ ಏರುತ್ತ ಹೋಗಿ ವಿದೇಶ ಪ್ರವಾಸ ಅಗ್ಗವಾಯಿತು. ಆ ದೇಶ ರಫ್ತಿನಿಂದ ಗಳಿಸಿದ ಹಣವೇ ಜಗಳಕ್ಕೆ ಕಾರಣವಾಗಿದ್ದ ಕಾಲ ಅದು. 1987ರಲ್ಲಿ ಅಲ್ಲಿನ ಸಾರಿಗೆ ಸಚಿವಾಲಯ ಒಂದು ವಿಚಿತ್ರ ಯೋಜನೆ ಹಾಕಿತು: ವರ್ಷಕ್ಕೆ ಸುಮಾರು 55 ಲಕ್ಷವಿದ್ದ ವಿದೇಶ ಪ್ರವಾಸಿಗರನ್ನು ಐದು ವರ್ಷದಲ್ಲಿ ಒಂದು ಕೋಟಿಗೆ ಏರಿಸುವುದು. ಹೊರಗೆ ಹೋಗಿ ಖರ್ಚು ಮಾಡಿ ಬನ್ನಿ ಎಂದು ಸರ್ಕಾರವೇ ಜನರನ್ನು ಕಳಿಸಿತು. ಗುರಿ 1990ಕ್ಕೇ ಮುಟ್ಟಿತು.

ಈ ಜನಜಂಗುಳಿಯ ನಡುವೆ, 1989ರ ಜೂನಿನಲ್ಲಿ, ಸೋನಿ ತನ್ನ ಟಿಆರ್55 ಹ್ಯಾಂಡಿಕ್ಯಾಮ್ ಹೊರತಂದಿತು. ಬ್ಯಾಟರಿ, ಕ್ಯಾಸೆಟ್ ಬಿಟ್ಟು 790 ಗ್ರಾಂ. ಜಾಹೀರಾತಿನಲ್ಲಿ ಅದನ್ನು ಬಣ್ಣಿಸಿದ್ದು ಗ್ರಾಮಿನಿಂದಲ್ಲ, ‘ಪಾಸ್‌ಪೋರ್ಟ್ ಅಳತೆ’ ಎಂಬ ಮಾತಿನಿಂದ. ಪಕ್ಕದಿಂದ ನೋಡಿದರೆ ಅದರ ಮೈ ಜಪಾನಿನ ಪಾಸ್‌ಪೋರ್ಟಿನ ಹಿಂದೆ ಮರೆಯಾಗುವಷ್ಟು. ದಪ್ಪದ ಮಾತು ಯಾರೂ ಎತ್ತಲಿಲ್ಲ ಅನ್ನಿ. ಆದರೂ ಈ ಹೋಲಿಕೆಯಷ್ಟು ಚುರುಕಾದ ಮಾತನ್ನು ನಾನು ಯಾವ ಜಾಹೀರಾತಿನಲ್ಲೂ ಕಂಡಿಲ್ಲ. ಕಿವಿಗೆ ಬೀಳುವುದು ಅಳತೆಯಾದರೂ ಮನಸ್ಸಿಗೆ ಬರುವುದು ವಿಮಾನ ನಿಲ್ದಾಣ. ಕ್ಯಾಮೆರಾ ಎಂದರೆ ಮನೆಯಲ್ಲಿಡುವ ಯಂತ್ರವಲ್ಲ, ಹೊರಡುವಾಗ ಬ್ಯಾಗಿಗೆ ಹಾಕಿಕೊಳ್ಳಲೇಬೇಕಾದ ಕಾಗದಪತ್ರದಂಥದ್ದು ಎಂದು ಅದು ಹೇಳುತ್ತಿತ್ತು. ಆಮೇಲೆ ಪ್ರತಿಸ್ಪರ್ಧಿಗಳೆಲ್ಲ ತೂಕ ಇಳಿಸುವ ಓಟಕ್ಕೆ ಬಿದ್ದರು.

ಚಿಕ್ಕದಾದಷ್ಟೂ ಚಿತ್ರ ನಡುಗತೊಡಗಿತು, ಅದು ಬೇರೆ ಫಜೀತಿ. ಭುಜದ ಮೇಲಿನ ಭಾರವೇ ಹಿಂದೆ ಕೈ ಸ್ಥಿರವಾಗಿಡುತ್ತಿತ್ತು. ಇದರ ಪರಿಹಾರವೂ ಒಂದು ರಜೆಯಲ್ಲೇ ಹೊಳೆಯಿತು ಎಂಬುದು ನನಗೆ ಬಹಳ ಇಷ್ಟವಾದ ಕಥೆ. ಪ್ಯಾನಾಸೋನಿಕ್‌ನ ಎಂಜಿನಿಯರ್ ಮಿತ್ಸುಆಕಿ ಓಶಿಮಾ 1980ರ ದಶಕದ ಮೊದಲಿಗೆ ಹವಾಯಿಗೆ ರಜೆಯಲ್ಲಿ ಹೋಗಿದ್ದಾಗ, ಕಾರಿನೊಳಗಿಂದ ವಿಡಿಯೋ ತೆಗೆಯುತ್ತಿದ್ದ ಗೆಳೆಯ ಕುಲುಕಾಟದಿಂದ ಪಡುತ್ತಿದ್ದ ಪಾಡು ನೋಡಿದರು. ಕಾರಿಗೆ ದಾರಿ ತೋರಿಸುವ ಸಾಧನಕ್ಕಾಗಿ ತಾವು ಕೆಲಸ ಮಾಡಿದ್ದ ಕಂಪನದ ಜೈರೋಸ್ಕೋಪು ನೆನಪಾಯಿತು: ಅದು ಕೈಯ ನಡುಕ ಅಳೆದರೆ, ಆ ನಡುಕಕ್ಕೆ ತಕ್ಕಂತೆ ಚಿತ್ರವನ್ನು ಎದುರು ದಿಕ್ಕಿಗೆ ಸರಿಸಬಹುದಲ್ಲ! 1988ರಲ್ಲಿ ಆ ತಂತ್ರವಿದ್ದ ಮೊದಲ ಕ್ಯಾಮೆರಾ ಬಂತು. ಇವತ್ತು ನಮ್ಮ ಫೋನಿನೊಳಗೆ ಇರುವುದೂ ಆ ಯೋಚನೆಯ ಮೊಮ್ಮಗುವೇ.

ನಮ್ಮ ಕರಾವಳಿಗೆ ಬರೋಣ. ಹೊರದೇಶದಿಂದ ಕ್ಯಾಮೆರಾ ತರುವವರಿಗೆ ಇನ್ನೊಂದು ತೊಡಕಿತ್ತು, ಅದನ್ನು ಅಂಗಡಿಯವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾರತದ ಟಿವಿ ನಡೆಯುತ್ತಿದ್ದುದು ಪಾಲ್ ಪದ್ಧತಿಯಲ್ಲಿ: ಸೆಕೆಂಡಿಗೆ 25 ಚಿತ್ರ, 625 ಗೆರೆ. ಅಮೆರಿಕ, ಜಪಾನ್‌ಗಳದು ಎನ್‌ಟಿಎಸ್‌ಸಿ: ಸುಮಾರು 30 ಚಿತ್ರ, 525 ಗೆರೆ. ಅಮೆರಿಕದಿಂದ ಆಸೆಪಟ್ಟು ತಂದ ಕ್ಯಾಮೆರಾವನ್ನು ಊರಿನ ಹಳೆಯ ಟಿವಿಗೆ ಜೋಡಿಸಿದರೆ ಬಣ್ಣ ಹೋಗಿ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿತ್ತು. ಒಮಾನ್ ಮತ್ತು ದುಬೈಗಳದು ನಮ್ಮಂತೆ ಪಾಲ್. ಆದ್ದರಿಂದ ಗಲ್ಫಿನವರು ತಂದದ್ದು ಕುಂದಾಪುರದ ಟಿವಿಯಲ್ಲಿ ಸರಾಗ ಓಡಿತು, ಹೂಸ್ಟನ್ನಿನವರು ತಂದದ್ದು ಓಡಲಿಲ್ಲ. ಡಾಲರಿನ ಮುಂದೆ ರಿಯಾಲು ಗೆದ್ದ ಅಪರೂಪದ ಸಂದರ್ಭ.

ಅಜ್ಜ ಬೇಡವೆಂದದ್ದನ್ನೇ ಯಾಕೆ ತಂದಿರಿ ಎಂದು ಹೋದ ವರ್ಷ ಚಿಕ್ಕಪ್ಪನನ್ನು ಕೇಳಿದೆ. ‘ಮಾರಾಯ್ತಿ, ಅರ್ಧ ಗಂಟೆಗೊಮ್ಮೆ ಕ್ಯಾಸೆಟ್ ಬದಲು ಮಾಡ್ತಾ ಕೂತ್ರೆ ಜೋಗ ನೋಡುವುದು ಯಾವಾಗ? ಮಗು ಬೇರೆ ಸೊಂಟದ ಮೇಲೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಪ್ಪಯ್ಯ ಹೇಳಿದ್ದು ಸರಿಯೇ ಇತ್ತು’ ಎಂದರು. ಅವರ ಕ್ಯಾಮೆರಾ ಒಂದೆರಡು ವರ್ಷದಲ್ಲೇ ಕೆಟ್ಟಿತ್ತು. ರಿಪೇರಿಗೆ ಕೇಳಿದ ದುಡ್ಡಿಗೆ ಹೊಸತೇ ಬರುತ್ತಿತ್ತಂತೆ. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದರು. ಅಜ್ಜಿ ಮಾತ್ರ ಪ್ರತಿ ರಜೆಗೂ ಕ್ಯಾಸೆಟ್ಟಿನ ವಿಷಯ ಕೇಳುತ್ತಿದ್ದರಂತೆ. ಆಮೇಲೆ ಕೇಳುವುದು ಬಿಟ್ಟರಂತೆ.

ಕ್ಯಾಸೆಟ್ಟಿಗೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಮೂವತ್ತು ಮಳೆಗಾಲ ಕಂಡದ್ದು, ಆಶ್ಚರ್ಯವೇನಿಲ್ಲ. ನಾನು ಮೊದಲು ಕೊಟ್ಟ ಅಂಗಡಿಯವರು ಒರೆಸದೆಯೇ ಯಂತ್ರಕ್ಕೆ ಹಾಕಿ ಟೇಪನ್ನು ಒಂದು ಕಡೆ ಸುಕ್ಕು ಮಾಡಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಹಿರಿಯರೊಬ್ಬರು ಚಿಕ್ಕಪ್ಪನ ಕ್ಯಾಮೆರಾ ಬಿಚ್ಚಿ, ಸೋರಿಹೋಗಿದ್ದ ಕೆಪ್ಯಾಸಿಟರುಗಳನ್ನು ಒಂದೊಂದಾಗಿ ಬದಲಿಸಿದರು. ಆ ಕಾಲದ ಪುಟ್ಟ ಕ್ಯಾಮೆರಾಗಳ ಸಾಮಾನ್ಯ ಕಾಯಿಲೆ ಅದು. ಟೇಪನ್ನು ನಿಧಾನವಾಗಿ ಒರೆಸಿ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದರು. ಮೂರು ವಾರ ಹಿಡಿಯಿತು.

ಒಟ್ಟು ಅರವತ್ತೆರಡು ನಿಮಿಷ ಉಳಿದಿದೆ. ಜೋಗದ್ದು ಹೆಚ್ಚು ಮಂಜೇ. ಕ್ಯಾಮೆರಾಕ್ಕೆ ಸುತ್ತಿದ ಪ್ಲಾಸ್ಟಿಕ್ ಕೊಟ್ಟೆಯ ಪರಪರ ಸದ್ದಿನಲ್ಲಿ ಜಲಪಾತದ ಸದ್ದೇ ಕೇಳುವುದಿಲ್ಲ. ಇಕ್ಕೇರಿಯ ಅಘೋರೇಶ್ವರನ ಗುಡಿಯ ಮುಂದೆ ಎಲ್ಲರೂ ಸಾಲಾಗಿ, ಫೋಟೋ ತೆಗೆಯುವಾಗಿನಂತೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅಜ್ಜ, ‘ಇದು ಈಗ ಹಿಡೀತಾ ಉಂಟಾ?’ ಎಂದು ಕೇಳುತ್ತಾರೆ. ಅವರ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ತೆಳುವಾಗಿದೆ.

ನಾನು ಮತ್ತೆ ಮತ್ತೆ ನೋಡುವ ಭಾಗ ಕೆಳದಿಯದು. ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಹಿಡಿದ ಮೇಲೆ ಚಿಕ್ಕಪ್ಪ ಕ್ಯಾಮೆರಾ ಆಫ್ ಮಾಡಲು ಮರೆತು ಕೈ ಇಳಿಬಿಟ್ಟು ಎಲ್ಲೋ ಕೂತಿದ್ದಾರೆ. ನಾಲ್ಕು ನಿಮಿಷ ಕಾಣುವುದು ಒದ್ದೆ ನೆಲ, ಯಾರದೋ ಸೀರೆಯ ಅಂಚು, ಒಂದು ಜೊತೆ ಗಂಡಸರ ಚಪ್ಪಲಿ. ಅಜ್ಜ ಅಜ್ಜಿ ಮಾತಾಡುತ್ತಿದ್ದಾರೆ. ಜೀಪಿನವನು ಜಾಸ್ತಿ ಕೇಳಿದ ವಿಷಯ, ಗಂಟಿಗೆ ಹುಲ್ಲು ಹಾಕಲು ಪಕ್ಕದ ಮನೆಯವನಿಗೆ ಹೇಳಿ ಬಂದದ್ದು, ಅಜ್ಜಿಯ ಮಂಡಿ. ‘ಕೂತ್ಕೊ, ಯಾರು ನಿನ್ನನ್ನು ಓಡಿಸ್ತಾರೆ’ ಎನ್ನುತ್ತಾರೆ ಅಜ್ಜ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಫಿಲಮ್ಮಿನಲ್ಲಾಗಲಿ, ಮೂವತ್ತು ನಿಮಿಷದ, ಅಜ್ಜ ಕೇಳಿದ್ದ ಕ್ಯಾಸೆಟ್ಟಿನಲ್ಲಾಗಲಿ ಮೂರನೆಯ ದಿನಕ್ಕೆ ಇಷ್ಟು ಜಾಗ ಮಿಕ್ಕಿರುತ್ತಿತ್ತೇ ಎಂದು ನನಗೆ ಅನುಮಾನ. ಚಿಕ್ಕಪ್ಪನಿಗೆ ಇದನ್ನು ಹೇಳಿದ್ದೇನೆ. ಅವರು ಒಪ್ಪಿಲ್ಲ.

ಅಜ್ಜಿಗೆ ಈಗ ತೊಂಬತ್ತರ ಮೇಲೆ. ಲ್ಯಾಪ್‌ಟಾಪನ್ನು ಅವರ ಮಂಚದ ಪಕ್ಕ ಇಟ್ಟು ಆ ನಾಲ್ಕು ನಿಮಿಷ ತೋರಿಸಿದೆ. ಅಜ್ಜನ ಧ್ವನಿ ಬಂದಾಗ ಅವರು ಏನೂ ಹೇಳಲಿಲ್ಲ. ಪರದೆಯ ಹತ್ತಿರ ಬಗ್ಗಿ ಚಪ್ಪಲಿಯನ್ನೇ ನೋಡಿದರು.

‘ಇದು ಸಾಗರದಲ್ಲಿ ತಕ್ಕೊಂಡದ್ದು. ಮಳೆಗೆ ಹಳೇದರ ಪಟ್ಟಿ ಕಿತ್ತುಹೋಗಿತ್ತು’ ಎಂದರು. ಆಮೇಲೆ, ‘ಇನ್ನೊಂದು ಸಲ ಹಾಕು’ ಎಂದರು.